ನೇತ್ರಾಣಿಯಿಂದ ಘಾಟಿ ಹತ್ತುವಾಗ

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ‘ದ್ರಾವಣಗಳು’ ಅಧ್ಯಾಯದಲ್ಲಿ ಹೆನ್ರಿಯ ನಿಯಮ, ಎಂದರೆ ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ ಎಂಬ ನಿಯಮ, ಮುಗಿದ ಕೂಡಲೇ ಅದರ ಅನ್ವಯಗಳು ಬರುತ್ತವೆ. ಮೊದಲನೆಯದು ಸೋಡಾ ಬಾಟಲಿ. ಎರಡನೆಯದು ಸಮುದ್ರದಾಳಕ್ಕೆ ಇಳಿಯುವ ಸ್ಕೂಬಾ ಡೈವರ್‌ನ ರಕ್ತದಲ್ಲಿ ಕರಗುವ ಸಾರಜನಕ. ಮೂರನೆಯದು ಎತ್ತರದ ಪ್ರದೇಶದಲ್ಲಿ ಇರುವವರಿಗೆ ಉಂಟಾಗುವ ಆಮ್ಲಜನಕದ ಕೊರತೆ. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ವರ್ಷವೂ ಈ ಪುಟವನ್ನು ಪಾಠ ಮಾಡುವ ನನ್ನನ್ನು ಇತ್ತೀಚೆಗೆ ಒಂದು ವಿಷಯ ಬಿಡದೆ ಕಾಡುತ್ತಿದೆ. ಡೈವರ್ ಮತ್ತು ಬೆಟ್ಟದ ಮೇಲಿನವನು ಅಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಮನುಷ್ಯರಂತೆ ಅಕ್ಕಪಕ್ಕದ ಸಾಲುಗಳಲ್ಲಿ ನಿಂತಿದ್ದಾರೆ. ನಮ್ಮ ಸೀಮೆಯಲ್ಲಿ ಅವರಿಬ್ಬರೂ ಒಬ್ಬನೇ ಆಗಿರಬಹುದು. ಬೆಳಿಗ್ಗೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತಲಿನ ನೀರಿನಲ್ಲಿ ಮುಳುಗಿ, ಅದೇ ರಾತ್ರಿಯ ಊಟಕ್ಕೆ ಸಾವಿರ ಮೀಟರ್ ಎತ್ತರದ ತನ್ನ ಮನೆಗೆ ಬಂದು ಕೂರುವ ಮನುಷ್ಯನ ದೇಹದಲ್ಲಿ ಏನು ನಡೆಯುತ್ತದೆ ಎಂಬುದನ್ನು ಆ ಪುಟ ಹೇಳುವುದಿಲ್ಲ. ಕರಾವಳಿಯ ಮಟ್ಟದಲ್ಲಿ ವಾಸಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎಚ್ಚರಿಕೆಯ ಮಾತುಗಳೂ ಹೆಚ್ಚಾಗಿ ಹೇಳುವುದಿಲ್ಲ. ಅವು ವಿಮಾನದ ಬಗ್ಗೆ ಹೇಳಿ ನಿಲ್ಲಿಸುತ್ತವೆ, ಘಾಟಿಯ ಬಗ್ಗೆ ಹೇಳುವುದನ್ನು ಮರೆಯುತ್ತವೆ.

ಒತ್ತಡ ಎಂಬುದು ನಮ್ಮ ಕಡೆಯವರಿಗೆ ಹೊಸದಲ್ಲ. ಚಾರ್ಮಾಡಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದನ್ನೂ ಉಗುಳು ನುಂಗಿದಾಗ ಅದು ಟಪ್ಪೆಂದು ಬಿಟ್ಟುಕೊಳ್ಳುವುದನ್ನೂ ಮಕ್ಕಳಾಗಿದ್ದಾಗಿನಿಂದ ಅನುಭವಿಸಿದ್ದೇವೆ. ಉಜಿರೆಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಬಿರಿಯುವಷ್ಟು ಉಬ್ಬಿಕೊಂಡಿರುವುದನ್ನು ನಾನು ತರಗತಿಗೇ ಒಯ್ದು ತೋರಿಸಿದ್ದೇನೆ. ಅಷ್ಟೂ ಘಾಟಿಯನ್ನು ಹತ್ತಿದ್ದಕ್ಕೆ ಗಾಳಿಯ ಒತ್ತಡ ಕಡಿಮೆಯಾಗುವುದು ಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ. ನೀರಿನಲ್ಲಿ ಅಷ್ಟೇ ವ್ಯತ್ಯಾಸಕ್ಕೆ ಒಂದು ಮೀಟರ್ ಇಳಿದರೆ ಸಾಕು. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು, ಎಂದರೆ ಸಮುದ್ರ ಮಟ್ಟದ ಗಾಳಿಯಷ್ಟೇ, ಒತ್ತಡ ಸೇರುತ್ತ ಹೋಗುತ್ತದೆ, ಆದ್ದರಿಂದ 30 ಮೀಟರ್ ಆಳದಲ್ಲಿರುವವನ ಮೇಲೆ ನಾಲ್ಕು ವಾತಾವರಣದ ಒತ್ತಡವಿರುತ್ತದೆ. ಅವನು ಬೆನ್ನಿನ ಸಿಲಿಂಡರ್‌ನಿಂದ ಎಳೆದುಕೊಳ್ಳುವ ಉಸಿರು ಕೂಡ ಅದೇ ಒತ್ತಡದಲ್ಲಿ ಶ್ವಾಸಕೋಶಕ್ಕೆ ಬರುತ್ತದೆ. ಬಾರದಿದ್ದರೆ ಎದೆ ಹಿಗ್ಗಿಸಲು ಅವನಿಗೆ ಸಾಧ್ಯವೇ ಆಗುತ್ತಿರಲಿಲ್ಲ.

ಇಲ್ಲಿಂದ ಎರಡು ಅಪಾಯಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಓದುವವರು ಇವೆರಡನ್ನು ಬೆರೆಸಿಕೊಳ್ಳುವುದು ಸಾಮಾನ್ಯ. ಮೊದಲನೆಯದು ಒತ್ತಡ ಇಳಿದಷ್ಟೂ ಅನಿಲ ಹಿಗ್ಗುತ್ತದೆ ಎಂಬ ಬಾಯ್ಲ್ ನಿಯಮಕ್ಕೆ ಸೇರಿದ್ದು. 10 ಮೀಟರ್ ಆಳದಲ್ಲಿ ಶ್ವಾಸಕೋಶದ ತುಂಬ ಗಾಳಿ ಎಳೆದುಕೊಂಡು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದವನ ಎದೆಯೊಳಗಿನ ಗಾಳಿ ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಇಮ್ಮಡಿಯಾಗಲು ಹವಣಿಸುತ್ತದೆ. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಅದರ ತೆಳುವಾದ ಗೋಡೆಗಳು ಹರಿದು, ಗಾಳಿ ನೇರವಾಗಿ ರಕ್ತಕ್ಕೆ ನುಗ್ಗಿ, ಹೃದಯದ ಎಡಭಾಗದ ಮೂಲಕ ಮಿದುಳಿಗೆ ಹೋಗಬಹುದು. ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ಅವನು ಪಾರ್ಶ್ವವಾಯು ಬಡಿದವನಂತೆ ಕುಸಿಯುತ್ತಾನೆ. ಇದಕ್ಕೆ ಭಾರಿ ಆಳವೇನೂ ಬೇಕಿಲ್ಲ. ಸಿಲಿಂಡರ್‌ನ ಗಾಳಿ ಉಸಿರಾಡಿದವನಿಗೆ ಒಂದೆರಡು ಮೀಟರ್ ಕೂಡ ಸಾಕಾಗಬಹುದು. ಮೊದಲ ಸಲ ನೀರಿಗಿಳಿಯುವವರಿಗೆ ತರಬೇತುದಾರರು ಹೇಳುವ ಮೊದಲ ಮಾತು ‘ಯಾವ ಕಾರಣಕ್ಕೂ ಉಸಿರು ಕಟ್ಟಬೇಡಿ’ ಎಂದಿರುವುದು ಇದಕ್ಕಾಗಿಯೇ. ಪ್ರವಾಸಿಗರಾಗಿ ಹೋಗಿ, ತರಬೇತುದಾರರ ಕೈಹಿಡಿದು, ಕಡಿಮೆ ಆಳದಲ್ಲಿ ಅಷ್ಟು ಹೊತ್ತು ಮೀನು ನೋಡಿ ಬರುವವರು ಮುಖ್ಯವಾಗಿ ನೆನಪಿಡಬೇಕಾದದ್ದೂ ಇದನ್ನೇ.

ಎರಡನೆಯ ಅಪಾಯ ಹೆನ್ರಿಯದು, ಡೈವರ್‌ಗಳು ಬೆಂಡ್ಸ್ ಎಂದು ಕರೆಯುವ ಕಾಯಿಲೆ. ಅದು ನಿಧಾನವಾಗಿ ಬರುತ್ತದೆ, ಹಾಗಾಗಿ ಅದನ್ನು ಗುರುತಿಸುವುದೂ ಕಷ್ಟ.

ಕರಗಿದ್ದು ಹೊರಬರುವ ಬಗೆ

ಸಮುದ್ರ ಮಟ್ಟದಲ್ಲಿ ನೆಮ್ಮದಿಯಾಗಿ ಕುಳಿತಿರುವ ಮನುಷ್ಯನ ದೇಹದಲ್ಲಿ ಸುಮಾರು ಒಂದು ಲೀಟರ್ ಸಾರಜನಕ ಯಾವಾಗಲೂ ಕರಗಿಕೊಂಡೇ ಇರುತ್ತದೆ. ಅದರಿಂದ ನಮಗೆ ಉಪಯೋಗವೂ ಇಲ್ಲ, ತೊಂದರೆಯೂ ಇಲ್ಲ. ಅವನು 30 ಮೀಟರ್ ಆಳದಲ್ಲಿ ಬಹಳ ಹೊತ್ತು ಇದ್ದರೆ ಆ ಒಂದು ಲೀಟರ್ ನಾಲ್ಕು ಲೀಟರ್ ಆಗುವವರೆಗೂ ಏರಬಲ್ಲದು. ಏರಿಕೆ ಒಂದೇ ವೇಗದಲ್ಲಿ ನಡೆಯುವುದಿಲ್ಲ. ರಕ್ತ ಮತ್ತು ಮಿದುಳು ಬೇಗ ತುಂಬಿಕೊಳ್ಳುತ್ತವೆ, ಬೇಗ ಖಾಲಿಯೂ ಆಗುತ್ತವೆ. ಕೀಲುಗಳ ಸುತ್ತಲಿನ ಗಟ್ಟಿ ಅಂಗಾಂಶಗಳಿಗೆ ರಕ್ತಸಂಚಾರ ಕಡಿಮೆಯಾದ್ದರಿಂದ ಅವು ನಿಧಾನ. ಕೊಬ್ಬಿನಲ್ಲಿ ಸಾರಜನಕ ನೀರಿನಲ್ಲಿ ಕರಗುವುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಕರಗುತ್ತದೆ, ಒಮ್ಮೆ ಸೇರಿಕೊಂಡರೆ ಸುಲಭವಾಗಿ ಹೊರಡುವುದಿಲ್ಲ. ಹೀಗೆ ಒಂದೇ ದೇಹದಲ್ಲಿ ಹಲವು ಗಡಿಯಾರಗಳು ಏಕಕಾಲಕ್ಕೆ ಬೇರೆ ಬೇರೆ ವೇಗದಲ್ಲಿ ನಡೆಯುತ್ತಿರುತ್ತವೆ. ಡೈವರ್ ನೋಡುತ್ತಿರುವುದು ಕೈಗೆ ಕಟ್ಟಿದ ಒಂದನ್ನು ಮಾತ್ರ.

ನಿಧಾನವಾಗಿ ಮೇಲೆ ಬಂದರೆ ಕರಗಿದ ಸಾರಜನಕ ರಕ್ತಕ್ಕೆ ಬಂದು, ಶ್ವಾಸಕೋಶ ಸೇರಿ, ಉಸಿರಿನೊಂದಿಗೆ ಸದ್ದಿಲ್ಲದೆ ಹೊರಹೋಗುತ್ತದೆ. ಅವಸರದಲ್ಲಿ ಬಂದರೆ ಹೊರಗಿನ ಒತ್ತಡ ಇಳಿದುಬಿಟ್ಟಿರುತ್ತದೆ, ಒಳಗಿನ ಅನಿಲ ಹೊರಡಲು ಸಮಯ ಸಿಕ್ಕಿರುವುದಿಲ್ಲ. ಅದು ಇದ್ದ ಜಾಗದಲ್ಲೇ ಗುಳ್ಳೆಯಾಗಿ ನಿಲ್ಲುತ್ತದೆ. ಭುಜ, ಮೊಣಕೈ, ಮೊಣಕಾಲುಗಳಲ್ಲಿ ಆದರೆ ಒಳಗಿನಿಂದ ಕೊರೆಯುವ ನೋವು. ಚರ್ಮದಲ್ಲಿ ಆದರೆ ತುರಿಕೆ, ಅಮೃತಶಿಲೆಯ ಗೆರೆಗಳ ಹಾಗೆ ನೀಲಿಗೆಂಪು ಮಚ್ಚೆ. ಒಳಕಿವಿಯಲ್ಲಿ ಆದರೆ ನಿಲ್ಲಲಾಗದ ತಲೆಸುತ್ತು, ವಾಂತಿ. ಬೆನ್ನುಹುರಿಯಲ್ಲಿ ಆದರೆ ಕಾಲು ಮರಗಟ್ಟುವುದು, ಮೂತ್ರ ಕಟ್ಟಿಕೊಳ್ಳುವುದು, ಕೆಲವೊಮ್ಮೆ ನಡೆಯುವ ಶಕ್ತಿಯೇ ಹೋಗುವುದು. ಗುಳ್ಳೆ ರಕ್ತದ ದಾರಿಯನ್ನು ಅಡ್ಡಗಟ್ಟುವುದು ಕೇಡಿನ ಒಂದು ಭಾಗ ಮಾತ್ರ. ರಕ್ತ ಅದನ್ನು ಹೊರಗಿನ ವಸ್ತುವೆಂದೇ ಎಣಿಸುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಅದಕ್ಕೆ ಅಂಟಿಕೊಳ್ಳುತ್ತವೆ, ರಕ್ತನಾಳದ ಒಳಪದರಕ್ಕೆ ಗಾಯವಾಗಿ ಊತ ಬರುತ್ತದೆ. ಆದುದರಿಂದಲೇ ಗುಳ್ಳೆ ಕರಗಿಹೋದ ಮೇಲೂ ತೊಂದರೆ ಉಳಿಯಬಹುದು, ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಠಿಣವಾಗಬಹುದು.

ಗುಳ್ಳೆಗಳಾದವರೆಲ್ಲರಿಗೂ ಕಾಯಿಲೆಯಾಗುವುದಿಲ್ಲ. ಡಾಪ್ಲರ್ ಅಲ್ಟ್ರಾಸೌಂಡ್‌ನಿಂದ ನೋಡಿದಾಗ, ಎಲ್ಲ ನಿಯಮ ಪಾಲಿಸಿ ಮೇಲೆ ಬಂದ ಆರೋಗ್ಯವಂತ ಡೈವರ್‌ಗಳ ರಕ್ತನಾಳಗಳಲ್ಲೂ ಗುಳ್ಳೆಗಳು ಕಾಣುತ್ತವೆ. ಹೆಚ್ಚಿನವರಲ್ಲಿ ಶ್ವಾಸಕೋಶ ಅವನ್ನು ಸೋಸಿಬಿಡುತ್ತದೆ. ಆದರೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ, ತಾಯಿಯ ಗರ್ಭದಲ್ಲಿದ್ದಾಗ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಇದ್ದ ಕಂಡಿ ಪೂರ್ತಿಯಾಗಿ ಮುಚ್ಚಿರುವುದಿಲ್ಲ. ಅಂಥವರಲ್ಲಿ ಸೋಸುವ ಜಾಗವನ್ನು ತಪ್ಪಿಸಿಕೊಂಡು ಗುಳ್ಳೆ ನೇರವಾಗಿ ಎಡಭಾಗಕ್ಕೆ ದಾಟಬಹುದು. ತನಗೆ ಆ ಕಂಡಿ ಇದೆಯೆಂದು ಬಹುಮಂದಿಗೆ ಜೀವಮಾನವಿಡೀ ಗೊತ್ತಾಗುವುದೂ ಇಲ್ಲ. ಇಬ್ಬರು ಜೊತೆಯಾಗಿ ಇಳಿದು ಜೊತೆಯಾಗಿ ಬಂದು, ಒಬ್ಬನಿಗೆ ಮಾತ್ರ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ. ‘ನನ್ನ ಜೊತೆಗಿದ್ದವನಿಗೆ ಏನೂ ಆಗಿಲ್ಲ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ಸೇತುವೆ ಕಟ್ಟಿದವರು

ಈ ಕಾಯಿಲೆಯನ್ನು ಜಗತ್ತಿಗೆ ತೋರಿಸಿದವರು ಸಮುದ್ರಕ್ಕೆ ಧುಮುಕಿದ ಸಾಹಸಿಗಳಲ್ಲ, ಕೂಲಿಗಾರರು. 1841ರಲ್ಲಿ ಫ್ರಾನ್ಸಿನ ಎಂಜಿನಿಯರ್ ಟ್ರಿಜೆ, ಲ್ವಾರ್ ನದಿಯ ಬಳಿ ಕಲ್ಲಿದ್ದಲ ಗಣಿ ತೋಡುವಾಗ ನೀರು ನುಗ್ಗದಂತೆ ಒತ್ತಿದ ಗಾಳಿ ತುಂಬಿದ ಕೋಣೆಯೊಳಗೆ ಕೆಲಸ ಮಾಡಿಸಿದ. ಹೊರಬಂದವರಲ್ಲಿ ಕೆಲವರಿಗೆ ಕೈಕಾಲು ನೋವು ಬಂದದ್ದನ್ನು ಬರೆದಿಟ್ಟ. 1854ರಲ್ಲಿ ಅದೇ ದೇಶದ ವೈದ್ಯರಾದ ಪೋಲ್ ಮತ್ತು ವಾತೆಲ್, ಒಳಗಿರುವಾಗ ಏನೂ ಇಲ್ಲ, ಹೊರಗೆ ಬರುವಾಗಲಷ್ಟೇ ಬೆಲೆ ತೆರಬೇಕಾಗುತ್ತದೆ ಎಂಬರ್ಥದ ಮಾತು ಬರೆದರು. ಮರಳಿ ಒತ್ತಡದೊಳಗೆ ಹೋದವರಿಗೆ ನೋವು ಇಳಿಯುವುದನ್ನೂ ಅವರು ಕಂಡಿದ್ದರು. ಕಾಯಿಲೆಯ ಸ್ವಭಾವ, ಚಿಕಿತ್ಸೆ ಎರಡೂ ಆಗಲೇ ಕೈಗೆಟುಕುವಷ್ಟು ಹತ್ತಿರ ಬಂದಿದ್ದವು. ಆದರೂ ಅದಾದ ಮೇಲೆ ಎಷ್ಟು ಜನ ಸಾಯಬೇಕಾಯಿತು ಎಂಬುದನ್ನು ಓದುವಾಗ ಸಂಕಟವಾಗುತ್ತದೆ.

ಅಮೆರಿಕದ ಸೇಂಟ್ ಲೂಯಿಯಲ್ಲಿ ಮಿಸಿಸಿಪಿ ನದಿಗೆ ಅಡ್ಡಲಾಗಿ ಈಡ್ಸ್ ಸೇತುವೆಯನ್ನು 1874ರಲ್ಲಿ ಮುಗಿಸುವಷ್ಟರಲ್ಲಿ ನದಿಯ ತಳದ ಕೇಸನ್‌ಗಳಲ್ಲಿ, ಎಂದರೆ ಒತ್ತಿದ ಗಾಳಿ ತುಂಬಿದ, ತಳವಿಲ್ಲದ ಭಾರಿ ಪೆಟ್ಟಿಗೆಗಳಲ್ಲಿ, ಮಣ್ಣು ತೋಡಿದ ಹನ್ನೆರಡಕ್ಕೂ ಹೆಚ್ಚು ಮಂದಿ ಈ ಕಾಯಿಲೆಯಿಂದ ತೀರಿಕೊಂಡಿದ್ದರು. ಅವರನ್ನು ನೋಡಿಕೊಳ್ಳಲು ನೇಮಕವಾಗಿದ್ದ ವೈದ್ಯ ಜಾಮಿನೆ ಕೂಡ ಒಮ್ಮೆ ಕೆಳಗೆ ಹೋಗಿದ್ದು, ಒತ್ತಡವನ್ನು ಕೆಲವೇ ನಿಮಿಷಗಳಲ್ಲಿ ಇಳಿಸಿಕೊಂಡು ಹೊರಬಂದು, ಕೈಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್‌ನ ಆರೋಗ್ಯವೂ 1872ರಲ್ಲಿ ಹೀಗೆಯೇ ಮುರಿದುಬಿದ್ದಿತು. ಅಲ್ಲಿಂದಾಚೆ ಅವನ ಹೆಂಡತಿ ಎಮಿಲಿ ದಿನವೂ ಕೆಲಸದ ಸ್ಥಳಕ್ಕೆ ಅವನ ಸೂಚನೆಗಳನ್ನು ಒಯ್ದು, ಲೆಕ್ಕಾಚಾರಗಳನ್ನು ತಾನೇ ಕಲಿತು, 1883ರವರೆಗೆ ಸೇತುವೆಯ ಕೆಲಸ ನಿಲ್ಲದಂತೆ ನೋಡಿಕೊಂಡಳು. ಮೇಲಿನವರ ಹೆಸರು ನಮಗೆ ಗೊತ್ತಿದೆ. ಕೆಳಗೆ ಮಣ್ಣು ಹೊತ್ತವರು ಬಹುಮಟ್ಟಿಗೆ ಸಂಖ್ಯೆಗಳಾಗಿ ಉಳಿದಿದ್ದಾರೆ.

ಗುಳ್ಳೆಗಳಲ್ಲಿರುವುದು ಸಾರಜನಕವೇ ಎಂದು ಪ್ರಯೋಗಗಳಿಂದ ತೋರಿಸಿಕೊಟ್ಟವನು ಪಾಲ್ ಬೆರ್, 1878ರಲ್ಲಿ. ಎಷ್ಟು ನಿಧಾನವಾಗಿ ಬಂದರೆ ಸುರಕ್ಷಿತ ಎಂಬ ಲೆಕ್ಕ ಸಿಕ್ಕಿದ್ದು ಇನ್ನೂ ಮೂವತ್ತು ವರ್ಷಗಳ ನಂತರ. ಬ್ರಿಟಿಷ್ ನೌಕಾಪಡೆಗಾಗಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳನ್ನು ಉಕ್ಕಿನ ಕೋಣೆಯಲ್ಲಿ ಕೂಡಿಹಾಕಿ ಒತ್ತಡ ಏರಿಸಿ ಇಳಿಸಿದರು. ನೋವು ಬಂದ ಆಡು ಮುಂಗಾಲನ್ನು ನೆಲಕ್ಕೂರದೆ ಮಡಚಿ ಎತ್ತಿ ಹಿಡಿಯುತ್ತಿತ್ತು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಆಡುಗಳು ತಡೆದುಕೊಳ್ಳುತ್ತವೆ, ಅದಕ್ಕಿಂತ ಹೆಚ್ಚು ಒಮ್ಮೆಗೇ ಇಳಿಸಿದರೆ ಕೇಡು ಎಂಬುದನ್ನು ಕಂಡುಕೊಂಡ ಹಾಲ್ಡೇನ್, ದೇಹವನ್ನು 5, 10, 20, 40 ಮತ್ತು 75 ನಿಮಿಷಗಳ ಅರ್ಧಾವಧಿಯ (ಅರ್ಧದಷ್ಟು ತುಂಬಲು ಇಲ್ಲವೇ ಖಾಲಿಯಾಗಲು ಹಿಡಿಯುವ ಹೊತ್ತು) ಐದು ಅಂಗಾಂಶಗಳೆಂದು ಕಲ್ಪಿಸಿಕೊಂಡು 1908ರಲ್ಲಿ ತನ್ನ ಕೋಷ್ಟಕಗಳನ್ನು ಪ್ರಕಟಿಸಿದ. ಡೈವರ್ ಒಂದೊಂದು ಆಳದಲ್ಲಿ ಇಷ್ಟಿಷ್ಟು ಹೊತ್ತು ನಿಂತು ನಿಂತು ಮೇಲೆ ಬರುವ ಪದ್ಧತಿ ಅಲ್ಲಿಂದ ಶುರುವಾಯಿತು. ರಾಸಾಯನಿಕ ಚಲನಶಾಸ್ತ್ರದಲ್ಲಿ ಅರ್ಧಾಯುವಿನ ಲೆಕ್ಕ ಮಾಡುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಆಸಕ್ತಿ ಮೂಡುವುದನ್ನು ಕಂಡಿದ್ದೇನೆ. ಪರೀಕ್ಷೆಗೆಂದು ಕಲಿತ ಸೂತ್ರ ಒಬ್ಬನ ಬೆನ್ನುಹುರಿಯನ್ನು ಉಳಿಸುತ್ತದೆ ಎಂದಾಗ ಅದರ ತೂಕವೇ ಬೇರೆಯಾಗುತ್ತದೆ. ಹಾಲ್ಡೇನ್‌ನ ಮಗ ಜೆ.ಬಿ.ಎಸ್. ಹಾಲ್ಡೇನ್ ತಂದೆಯ ಪ್ರಯೋಗಗಳಿಗಾಗಿ 13ರ ಹುಡುಗನಾಗಿದ್ದಾಗಲೇ ಸಮುದ್ರಕ್ಕಿಳಿದಿದ್ದರು. 1939ರಲ್ಲಿ ಥೆಟಿಸ್ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತ ಮೇಲೆ ಒತ್ತಡದ ಕೋಣೆಯೊಳಗೆ ತಾವೇ ಕುಳಿತು ಪ್ರಯೋಗಕ್ಕೆ ಒಡ್ಡಿಕೊಂಡರು. ಅವರೇ ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ಭುಜ ನೋವೆಂದು ಬಂದವನು

ನನ್ನ ಅಕ್ಕನ ಮಗ ಅಂಡಮಾನಿನಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ತೆಗೆದುಕೊಂಡ ಡೈವರ್. ಒಂದು ಡಿಸೆಂಬರ್‌ನಲ್ಲಿ ಗೆಳೆಯರೊಂದಿಗೆ ನೇತ್ರಾಣಿಗೆ ಹೋಗಿ, ಬೆಳಗಿನಲ್ಲಿ ಎರಡು ಬಾರಿ ನೀರಿಗಿಳಿದು, ಮಧ್ಯಾಹ್ನ ಮುರುಡೇಶ್ವರದಲ್ಲಿ ಊಟ ಮಾಡಿ ಕಾರು ಹತ್ತಿದ. ಕುಂದಾಪುರ ದಾಟಿ, ಹೆಬ್ರಿ ಹಿಡಿದು, ಆಗುಂಬೆ ಘಾಟಿ ಹತ್ತಿ, ಶೃಂಗೇರಿ, ಬಾಳೆಹೊನ್ನೂರು, ಆಲ್ದೂರಿನ ಮೇಲೆ ರಾತ್ರಿ ನಮ್ಮ ಮನೆಗೆ ಬಂದ. ಊಟಕ್ಕೆ ಕೂತವನು ಎಡಗೈಯಲ್ಲಿ ನೀರಿನ ತಂಬಿಗೆ ಎತ್ತಲು ಹೋಗಿ ಅರ್ಧಕ್ಕೇ ಇಳಿಸಿಬಿಟ್ಟ. ಏನಾಯಿತೆಂದು ಕೇಳಿದರೆ, “ಸಿಲಿಂಡರ್ ಹೊತ್ತಿದ್ದಕ್ಕೆ ಹಿಡ್ಕೊಂಡಿರಬೇಕು ಚಿಕ್ಕಮ್ಮ, ಬಾಳೆಹೊನ್ನೂರಿಂದ ಸ್ವಲ್ಪ ನೋಯ್ತಾ ಇದೆ” ಎಂದ. ನನ್ನ ಅಮ್ಮ ಆಗಲೇ ಎದ್ದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಲು ಇಟ್ಟಿದ್ದರು. “ಅಷ್ಟು ದೂರ ಕಾರು ಬಿಟ್ಕೊಂಡು ಬಂದ್ರೆ ಭುಜ ನೋಯ್ದೆ ಇನ್ನೇನಾಗುತ್ತೆ, ಇಲ್ಲಿ ಬಾ ಮಗ” ಎಂದು ಅವನನ್ನು ಒಲೆಯ ಹತ್ತಿರ ಕೂರಿಸಿಕೊಂಡು ಎಣ್ಣೆ ತಿಕ್ಕಿದರು.

ಅಮ್ಮ ಭುಜವನ್ನು ಒತ್ತಿ ತಿಕ್ಕುತ್ತಿದ್ದರೂ ಅವನ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದಿದ್ದುದು ನನ್ನ ಗಮನಕ್ಕೆ ಬಂತು. ಸ್ನಾಯು ಹಿಡಿದುಕೊಂಡಿದ್ದರೆ ಒತ್ತಿದಾಗ ಚೀರಬೇಕು, ಇಲ್ಲವೇ ಹಾಯೆನಿಸಬೇಕು. ಇವನಿಗೆ ಎರಡೂ ಇಲ್ಲ. ಕೈಯನ್ನು ಹೇಗೆ ಇಟ್ಟುಕೊಂಡರೂ ಆರಾಮವಿಲ್ಲ, ಹಲ್ಲುನೋವಿನಂತೆ ಒಳಗೇ ಇದೆ ಎಂದ. ಎಷ್ಟು ಆಳಕ್ಕೆ ಹೋಗಿದ್ದೆ, ಮೇಲೆ ಬರುವಾಗ ನಿಂತಿದ್ದೆಯಾ ಎಂದು ಕೇಳಿದೆ. ಸ್ವಲ್ಪ ತಡೆದು, “ಎರಡನೇ ಸಲ ಅಲೆ ಜೋರಿತ್ತು ಚಿಕ್ಕಮ್ಮ, ಐದು ಮೀಟರಲ್ಲಿ ನಿಲ್ಲೋಕೆ ಆಗ್ಲಿಲ್ಲ, ಬೇಗ ಬಂದ್ಬಿಟ್ವಿ” ಎಂದ. ಅಂಗಿ ಎತ್ತಿ ನೋಡಿದಾಗ ಹೊಟ್ಟೆಯ ಒಂದು ಪಕ್ಕದಲ್ಲಿ ಅಂಗೈಯಗಲದ ನೀಲಿಗೆಂಪು ಮಚ್ಚೆ ಇತ್ತು. ಅವನು ಅದನ್ನು ಬಿಗಿಯಾದ ಈಜುಡುಗೆ ಉಜ್ಜಿದ ಗುರುತೆಂದುಕೊಂಡಿದ್ದ. ಎಲ್ಲವನ್ನೂ ಓದಿ ಪರೀಕ್ಷೆ ಬರೆದು ಪಾಸಾದ ಹುಡುಗನೂ ತನ್ನ ದೇಹದ ಮೇಲಿನ ಲಕ್ಷಣವೊಂದಕ್ಕೆ ಬೇರೆ ಬೇರೆ ಕಾರಣಗಳನ್ನು ಹುಡುಕಿಕೊಂಡಿದ್ದ. ಇದು ಅವನೊಬ್ಬನ ಸ್ವಭಾವವಲ್ಲ. ಈ ಕಾಯಿಲೆಯ ಬಗ್ಗೆ ಬರೆದ ವೈದ್ಯರೆಲ್ಲ ಎಚ್ಚರಿಸುವ ಸಂಗತಿ ಇದೇ: ಬಂದವರು ಮೊದಲು ಒಪ್ಪಿಕೊಳ್ಳುವುದಿಲ್ಲ, ಆ ನಿರಾಕರಣೆಯಲ್ಲೇ ಅಮೂಲ್ಯವಾದ ಗಂಟೆಗಳು ಹೋಗುತ್ತವೆ.

ಆಸ್ಪತ್ರೆಯಲ್ಲಿ ರಾತ್ರಿಪಾಳಿಯಲ್ಲಿದ್ದ ಯುವ ವೈದ್ಯೆ ಇಂಥ ರೋಗಿಯನ್ನು ಹಿಂದೆ ನೋಡಿರಲಿಲ್ಲ. ಆದರೆ ನಾವು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಅವನ ಕಾಲುಗಳ ಶಕ್ತಿ, ಸ್ಪರ್ಶಜ್ಞಾನ, ನಡಿಗೆ ಎಲ್ಲವನ್ನೂ ಪರೀಕ್ಷಿಸಿ, ಚೀಲವಿರುವ ಮುಖವಾಡದಿಂದ ಪೂರ್ಣ ಪ್ರಮಾಣದ ಆಮ್ಲಜನಕ ಹಚ್ಚಿಸಿ, ಬೆಂಗಳೂರಿನಲ್ಲಿ ಹೈಪರ್‌ಬೇರಿಕ್ ಚೇಂಬರ್, ಎಂದರೆ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಕೋಣೆ, ಇರುವ ಆಸ್ಪತ್ರೆಯವರೊಂದಿಗೆ ಮಾತನಾಡಿದರು. ಆ ಕಡೆಯ ವೈದ್ಯರು ಕೇಳಿದ ಪ್ರಶ್ನೆಗಳಲ್ಲಿ ಒಂದು ನನಗೆ ಇಂದಿಗೂ ನೆನಪಿದೆ. ನೀವು ಬರುವ ದಾರಿಯಲ್ಲಿ ಈಗಿರುವುದಕ್ಕಿಂತ ಎತ್ತರದ ಜಾಗ ಎಲ್ಲಾದರೂ ಬರುತ್ತದೆಯೇ ಎಂದು ಅವರು ಕೇಳಿದರು. ಬೇಲೂರು, ಹಾಸನ, ಚನ್ನರಾಯಪಟ್ಟಣ, ಎಲ್ಲವೂ ಚಿಕ್ಕಮಗಳೂರಿಗಿಂತ ತಗ್ಗಿನ ಊರುಗಳು. ಹಾಗಿದ್ದರೆ ಆಮ್ಲಜನಕ ನಿಲ್ಲಿಸದೆ ಹೊರಡಿ ಎಂದರು. ಸಾರಜನಕವೇ ಇಲ್ಲದ ಉಸಿರನ್ನು ಕೊಟ್ಟರೆ ದೇಹದಲ್ಲಿ ಕರಗಿರುವ ಸಾರಜನಕ, ಗುಳ್ಳೆಯೊಳಗಿನ ಸಾರಜನಕ ಎರಡೂ ಬೇಗ ಹೊರಬರುತ್ತವೆ ಎಂಬುದು ಆ ಮುಖವಾಡದ ಹಿಂದಿನ ತರ್ಕ. ಆಂಬುಲೆನ್ಸ್ ಹಾಸನ ದಾಟುವ ಹೊತ್ತಿಗೆ ನೋವು ಅರ್ಧಕ್ಕೆ ಇಳಿದಿದೆ ಎಂದು ಅವನು ಕೈಸನ್ನೆ ಮಾಡಿದ. ಚೇಂಬರ್‌ನಲ್ಲಿ 18 ಮೀಟರ್ ಆಳಕ್ಕೆ ಸಮನಾದ, ಸುಮಾರು 2.8 ವಾತಾವರಣದ ಒತ್ತಡಕ್ಕೆ ಒಯ್ದು, ನಡುನಡುವೆ ಸಾಧಾರಣ ಗಾಳಿಯ ವಿರಾಮ ಕೊಡುತ್ತ ಆಮ್ಲಜನಕ ಉಸಿರಾಡಿಸಿ, ನಿಧಾನವಾಗಿ ಹೊರತರುವ ಚಿಕಿತ್ಸೆಗೆ ಐದು ಗಂಟೆಗೆ ಸ್ವಲ್ಪವೇ ಕಡಿಮೆ ಹಿಡಿಯುತ್ತದೆ. ಅವನು ಪೂರ್ತಿ ಗುಣವಾದ.

ಹನ್ನೆರಡು ಗಂಟೆ, ಹದಿನೆಂಟು ಗಂಟೆ

ಅವಸರದಲ್ಲಿ ಮೇಲೆ ಬಂದದ್ದು ಕಾರಣವೋ, ಘಾಟಿ ಹತ್ತಿದ್ದು ಕಾರಣವೋ ಎಂದು ನಾನು ಆ ವೈದ್ಯರನ್ನು ಕೇಳಿದ್ದೆ. ಎರಡನ್ನೂ ಬೇರ್ಪಡಿಸಲಾಗದು ಎಂದರು ಅವರು. ಆ ಉತ್ತರ ಸರಿಯಾದದ್ದು ಎಂದೇ ನನಗೆ ಅನ್ನಿಸುತ್ತದೆ, ಏಕೆಂದರೆ ದೇಹದ ಮಟ್ಟಿಗೆ ಅವು ಬೇರೆ ಬೇರೆ ಘಟನೆಗಳಲ್ಲ. ಒತ್ತಡ ಕಡಿಮೆಯಾಗುತ್ತ ಹೋಗುವ ಒಂದೇ ಪಯಣದ ಮೊದಲ ಭಾಗ ನೀರಿನಲ್ಲಿದೆ, ಮುಂದಿನ ಭಾಗ ಡಾಂಬರು ರಸ್ತೆಯಲ್ಲಿದೆ. ಮುರುಡೇಶ್ವರದಲ್ಲಿ ಒಂದು ವಾತಾವರಣದಷ್ಟಿದ್ದ ಒತ್ತಡ, ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ 0.88ರ ಆಸುಪಾಸಿಗೆ ಇಳಿದಿರುತ್ತದೆ. ಎಂದಿನ ಬದುಕಿನಲ್ಲಿ ಇದು ಗಮನಕ್ಕೇ ಬಾರದ ವ್ಯತ್ಯಾಸ. ಆದರೆ ಅಂಗಾಂಶಗಳಲ್ಲಿ ಇನ್ನೂ ಹೆಚ್ಚುವರಿ ಸಾರಜನಕ ಹೊತ್ತಿರುವವನಿಗೆ, ಕಣ್ಣಿಗೆ ಕಾಣದ ಗುಳ್ಳೆಯೊಂದು ಆಗಲೇ ಎಲ್ಲೋ ಕುಳಿತಿರುವವನಿಗೆ, ಅಷ್ಟು ಇಳಿಕೆ ಆ ಗುಳ್ಳೆಯನ್ನು ಬೆಳೆಸಲು ಸಾಕಾಗಬಹುದು.

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದೆಂಬ ನಿಯಮ ಎಲ್ಲ ತರಬೇತಿಯಲ್ಲೂ ಇದೆ. ನಿಲುಗಡೆಯ ಅಗತ್ಯವಿಲ್ಲದಂಥ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ ಕನಿಷ್ಠ 18 ಗಂಟೆ, ನಿಲುಗಡೆ ಬೇಕಾದಷ್ಟು ಆಳಕ್ಕೆ ಹೋಗಿದ್ದರೆ ಇನ್ನೂ ಹೆಚ್ಚು. ಆದರೆ ವಿಮಾನದ ಕೋಣೆಯೊಳಗೆ ಹಾರಾಟದ ಎತ್ತರದ ಒತ್ತಡ ಇರುವುದಿಲ್ಲ. ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡವನ್ನು ಅಲ್ಲಿ ಕಾಯ್ದುಕೊಳ್ಳುತ್ತಾರೆ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಒಂದು ಶನಿವಾರ ನೇತ್ರಾಣಿಯಲ್ಲಿ ಮುಳುಗಿ, ರಾತ್ರಿಯಿಡೀ ಪ್ರಯಾಣ ಮಾಡಿ, ಭಾನುವಾರ ಸೂರ್ಯೋದಯಕ್ಕೆ ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವವನು ಒತ್ತಡದ ದೃಷ್ಟಿಯಿಂದ ವಿಮಾನದಲ್ಲೇ ಕುಳಿತಿರುತ್ತಾನೆ, ಮೇಲಾಗಿ ಶ್ರಮವನ್ನೂ ಮಾಡುತ್ತಿರುತ್ತಾನೆ. ಎರಡು ದಿನದಲ್ಲಿ ಕಡಲನ್ನೂ ಬೆಟ್ಟವನ್ನೂ ತೋರಿಸುತ್ತೇವೆಂಬ ಪ್ರವಾಸದ ಯೋಜನೆಗಳನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ. ಆ ನಿಯಮದ ಗಂಟೆಗಳು 600 ಮೀಟರ್‌ಗೆ ಮೇಲ್ಪಟ್ಟ ಎತ್ತರಕ್ಕೆಂದೇ ಲೆಕ್ಕ ಹಾಕಿದವು. ಶಿರಾಡಿ ಹತ್ತಿ ಸಕಲೇಶಪುರ, ಹಾಸನಕ್ಕೆ ಬರುವವರಿಗೂ, ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಬರುವವರಿಗೂ ಅವು ಅನ್ವಯಿಸುತ್ತವೆ. ಬೆಟ್ಟವನ್ನು ಮೊದಲು ನೋಡಿ ಕಡಲಿಗೆ ಆಮೇಲೆ ಹೋಗುವುದರಲ್ಲಿ ಯಾವ ತೊಡಕೂ ಇಲ್ಲ. ಕಡಲಿನಿಂದ ಬರುವವರು ಒಂದು ರಾತ್ರಿ ಕೆಳಗೇ ಉಳಿದು, ಮರುದಿನ ಮಧ್ಯಾಹ್ನದ ಮೇಲೆ ಘಾಟಿ ಹತ್ತಬೇಕು. ಮಾಡಬೇಕಾದದ್ದು ಇಷ್ಟೇ.

ಪಠ್ಯದ ಇನ್ನೊಂದು ಸಾಲಿನ ಬಗ್ಗೆಯೂ ಹೇಳಬೇಕು. ಬೆಂಡ್ಸ್ ತಪ್ಪಿಸಲು ಡೈವರ್‌ಗಳ ಸಿಲಿಂಡರ್‌ಗೆ ಹೀಲಿಯಂ ಬೆರೆಸಿದ ಗಾಳಿ ತುಂಬುತ್ತಾರೆ ಎಂದು ಅಲ್ಲಿದೆ, 11.7 ಶೇಕಡಾ ಹೀಲಿಯಂ ಎಂಬ ಅಂಕಿಯ ಸಮೇತ. ಪರೀಕ್ಷೆಗೆ ಮಕ್ಕಳು ಅದನ್ನು ಬರೆಯಲಿ. ಆದರೆ ಮನರಂಜನೆಗೆ ಇಳಿಯುವ ಬಹುಪಾಲು ಡೈವರ್‌ಗಳ ಸಿಲಿಂಡರ್‌ನಲ್ಲಿರುವುದು ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಕೆಲವರು ಆಮ್ಲಜನಕದ ಪ್ರಮಾಣ ಹೆಚ್ಚಿಸಿದ ನೈಟ್ರಾಕ್ಸ್ ಬಳಸುತ್ತಾರೆ. ಹೀಲಿಯಂ ಬರುವುದು ತೀರಾ ಆಳಕ್ಕೆ ಹೋಗುವವರಿಗೆ, ಮುಖ್ಯವಾಗಿ ಆಳದಲ್ಲಿ ಸಾರಜನಕದಿಂದ ಬರುವ ಮಂಪರನ್ನು ತಪ್ಪಿಸಲು. ಅವಸರದಲ್ಲಿ ಮೇಲೆ ಬಂದರೆ ಹೀಲಿಯಂ ಕೂಡ ಗುಳ್ಳೆ ಕಟ್ಟುತ್ತದೆ. ಸಿಲಿಂಡರ್‌ನಲ್ಲೇ ಪರಿಹಾರ ಇದೆಯೆಂದು ನಂಬಿ ನೇತ್ರಾಣಿಗೆ ಹೋಗುವ ವಿದ್ಯಾರ್ಥಿ ನನ್ನ ತರಗತಿಯಿಂದ ಹೋಗಬಾರದು.

ಗೊರೂರಿನ ನೀರು

ಕಡಲಿಗೆ ಹೋಗದವರಿಗೂ ಈ ಲೆಕ್ಕ ಬೇಕಾಗುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ, ಎಂದರೆ ಸುಮಾರು 890 ಮೀಟರ್. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುವುದು ಇದೇ ಹಿನ್ನೀರಿನಲ್ಲಿ. 300 ಮೀಟರ್‌ಗಿಂತ ಎತ್ತರದಲ್ಲಿರುವ ನೀರಿಗೆ ಇಳಿಯುವುದನ್ನು ಎತ್ತರದ ಡೈವಿಂಗ್ ಎಂದೇ ಪರಿಗಣಿಸಿ, ಕೋಷ್ಟಕಗಳನ್ನು ತಿದ್ದಿ ಬಳಸಬೇಕೆಂಬ ನಿಯಮವಿದೆ. ಕಾರಣ ಸರಳ. ಸಮುದ್ರದಲ್ಲಿ 20 ಮೀಟರ್ ಆಳದಿಂದ ಬರುವವನ ಮೇಲಿನ ಒತ್ತಡ ಮೂರರಿಂದ ಒಂದಕ್ಕೆ ಇಳಿಯುತ್ತದೆ. ಗೊರೂರಿನಲ್ಲಿ ಅಷ್ಟೇ ಆಳದಿಂದ ಬರುವವನಿಗೆ ಅದು ಸುಮಾರು 2.84ರಿಂದ 0.9ಕ್ಕೆ. ಅನುಪಾತ ಮೂರನ್ನು ದಾಟುತ್ತದೆ. ಸಿಹಿನೀರು ಹಗುರವೆಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಸಮುದ್ರದಲ್ಲಿ 21 ಮೀಟರ್ ದಾಟಿ ಇಳಿದು ಬಂದಷ್ಟು ಕಷ್ಟ ಅವನ ದೇಹಕ್ಕೆ.

ಹಿನ್ನೀರಿನಲ್ಲಿ ಯಾರಾದರೂ ಮುಳುಗಿದಾಗ ಹುಡುಕಲು ಇಳಿಯುವವರನ್ನು ದಡದಲ್ಲಿ ನಿಂತು ನೋಡಿದ್ದೇನೆ. ಅಂಥ ಒಂದು ಸಂಜೆ, ಕರಾವಳಿಯಿಂದ ಬಂದಿದ್ದ ಒಬ್ಬ ಮಧ್ಯವಯಸ್ಕ ಮುಳುಗುಗಾರ ಸಿಲಿಂಡರ್ ಕಳಚಿಟ್ಟು ಕಲ್ಲಿನ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಬೆಳಿಗ್ಗೆ ಫೋನ್ ಬಂದ ಕೂಡಲೇ ಶಿರಾಡಿ ಹತ್ತಿ ಬಂದು ನೇರವಾಗಿ ನೀರಿಗೆ ಇಳಿದಿದ್ದರಂತೆ. ಕೆಳಗೆ ಕೆಸರು, ಮುಳುಗಿದ ಮರಗಳ ಬೊಡ್ಡೆಗಳು, ಕೈ ಚಾಚಿದರೆ ಬೆರಳು ಕಾಣದ ಕತ್ತಲೆ. “ಕಾಲು ಯಾವಾಗಲೂ ಸ್ವಲ್ಪ ನೋಯುತ್ತೆ ಮೇಡಂ, ಅಭ್ಯಾಸ ಆಗಿಹೋಗಿದೆ” ಎಂದರು. ಎತ್ತರಕ್ಕೆ ಬಂದ ಕೂಡಲೇ ನೀರಿಗಿಳಿದರೆ ದೇಹದಲ್ಲಿ ಸಮುದ್ರ ಮಟ್ಟದ ಸಾರಜನಕ ಇನ್ನೂ ಉಳಿದಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂದು ನಾನು ಹೇಳಿದಾಗ ಅವರು ಗಮನವಿಟ್ಟು ಕೇಳಿಸಿಕೊಂಡು, ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದರು. ಅರ್ಧ ದಿನ ಎಂದೆ. ದಡದಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದವರ ಕಡೆಗೆ ನೋಡಿ, “ಇವರ ಮುಂದೆ ಅರ್ಧ ದಿನ ಕೂತಿರೋಕೆ ಆಗುತ್ತಾ?” ಎಂದರು.

ವರ್ಷಗಟ್ಟಲೆ ಹೀಗೆ ಇಳಿದವರಲ್ಲಿ ತೊಡೆಮೂಳೆ, ತೋಳುಮೂಳೆಗಳ ತುದಿಗೆ ರಕ್ತಸಂಚಾರ ನಿಂತು ಮೂಳೆಯೇ ಸತ್ತುಹೋಗುವ ಕಾಯಿಲೆ ಬರುವುದುಂಟು. ಅದು ಕೀಲು ಕುಸಿಯುವವರೆಗೂ ಹೊರಗೆ ಕಾಣದೆ ಇರಬಹುದು. ಹೊಂಡುರಾಸ್ ದೇಶದಲ್ಲಿ ಸಿಗಡಿಜಾತಿಯ ಲಾಬ್‌ಸ್ಟರ್ ಹಿಡಿಯಲು ದಿನಕ್ಕೆ ಹಲವು ಸಿಲಿಂಡರ್ ಖಾಲಿ ಮಾಡುವ ಮಿಸ್ಕಿಟೊ ಜನಾಂಗದ ಬಹಳಷ್ಟು ಮುಳುಗುಗಾರರು ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದಿದ್ದಾರೆ. ಸಿಲಿಂಡರ್ ಇಲ್ಲದೆ ಉಸಿರು ಬಿಗಿಹಿಡಿದು ಮುತ್ತಿನ ಚಿಪ್ಪಿಗಾಗಿ ಮತ್ತೆ ಮತ್ತೆ ಆಳಕ್ಕೆ ಇಳಿಯುತ್ತಿದ್ದ ಪೆಸಿಫಿಕ್ ಸಾಗರದ ಟುವಾಮೊಟು ದ್ವೀಪಗಳ ಜನರಲ್ಲೂ ಇಂಥದೇ ಕಾಯಿಲೆ ಕಂಡಿತ್ತು, ಅವರು ಅದನ್ನು ತಾರಾವಾನಾ ಎನ್ನುತ್ತಿದ್ದರು. ಹೊಟ್ಟೆಪಾಡಿಗೋ ಪರರ ನೆರವಿಗೋ ನೀರಿಗಿಳಿಯುವವರ ಮೇಲೆಯೇ ಈ ಕಾಯಿಲೆಯ ಹೊರೆ ಹೆಚ್ಚು ಬಿದ್ದಿದೆ, ಸೇತುವೆಗಳ ಕಾಲದಲ್ಲಿ ಬಿದ್ದ ಹಾಗೆಯೇ.

ಕಾಯಲು ಹೇಳುವುದು ಆ ದಡದಲ್ಲಿ ಸಾಧ್ಯವಾಗದ ಮಾತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸಾಧ್ಯವಾಗುವ ಕೆಲಸಗಳಿವೆ. ಹುಡುಕಾಟ ನಡೆಯುವ ಕಡೆ ಮುಖವಾಡದೊಂದಿಗೆ ಆಮ್ಲಜನಕದ ಸಿಲಿಂಡರ್ ಇಡಬಹುದು. ಇಳಿದ ಹೊತ್ತು, ಆಳ, ಮೇಲೆ ಬಂದ ಹೊತ್ತನ್ನು ಬರೆದುಕೊಳ್ಳಲು ದಡದಲ್ಲಿ ಒಬ್ಬರನ್ನು ನಿಲ್ಲಿಸಬಹುದು. ಎತ್ತರಕ್ಕೆ ತಿದ್ದಿದ ಕೋಷ್ಟಕವನ್ನು ಕನ್ನಡದಲ್ಲಿ ಮುದ್ರಿಸಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅಗ್ನಿಶಾಮಕ ಠಾಣೆಗಳಿಗೂ ಜಲಾಶಯದ ಸುತ್ತಲಿನ ಆಸ್ಪತ್ರೆಗಳಿಗೂ ಕೊಡಬಹುದು, ಹತ್ತಿರದ ಚೇಂಬರ್ ಎಲ್ಲಿದೆಯೆಂಬ ಫೋನ್ ಸಂಖ್ಯೆಯ ಸಮೇತ. ಕೋಷ್ಟಕವನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಮತ್ತು ಭೌತಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಶುರು ಮಾಡಿದ್ದೇವೆ. ಡೈವಿಂಗ್ ವೈದ್ಯಕೀಯ ಬಲ್ಲವರು ಯಾರಾದರೂ ಅದನ್ನು ಸಾಲುಸಾಲಾಗಿ ಪರಿಶೀಲಿಸಿ ಕೊಟ್ಟರೆ ಮುಂದಿನ ಮಳೆಗಾಲಕ್ಕೆ, ಜಲಾಶಯ ತುಂಬುವುದಕ್ಕೆ ಮೊದಲೇ, ಅದನ್ನು ಹಂಚಬಹುದು.